ಬ್ಯಾಟರಿಗೆ ಬಿದ್ದ ಕಣ್ಣು

ಪಕ್ಕದ ಮನೆಯ ಗಿಡ್ಡಪ್ಪ ಟಿವಿಎಸ್ ಗಾಡಿಯ ಹಿಂದೆ ಬ್ಯಾಟರಿಯೊಂದನ್ನು ಕಟ್ಟಿಕೊಂಡು ಅಂಗಳಕ್ಕೆ ಬಂದಿಳಿದಾಗ ಗುರುಮೂರ್ತಿಯ ಎದೆ ಧಸಕ್ಕೆಂದಿತು. ಭಾನುವಾರದ ಬೆಳಿಗ್ಗೆ, ಕೈಯಲ್ಲಿ ಚಹಾದ ಲೋಟ, ಮೈಮೇಲೆ ಬರೀ ಬನಿಯನ್. ಮನೆಯಲ್ಲಿಲ್ಲ ಎಂದು ಹೇಳಿಸುವಂತೆಯೂ ಇರಲಿಲ್ಲ.

"ಹರಿಹರದಾಗೆ ಮಸ್ತಾನಸಾಬ್ರ ಅಂಗಡಿಯಿಂದ ಕೇಳಿ ಇಸ್ಕಂಡು ಬಂದೀನಿ ಗುರಣ್ಣ. ಫುಲ್ ಚಾರ್ಜ್ ಐತೆ. ಇದರಿಂದ ವೈರ್ ಕೊಟ್ರೆ ನಿಮ್ ಟ್ರ್ಯಾಕ್ಟರು ಎದ್ದು ಕೂಡ್ತೈತೆ ನೋಡ್ರಿ."

"ನಿನಗ್ಯಾಕ ಬೇಕಿತ್ತಪ್ಪ ಈ ಉಸಾಬರಿ? ಬ್ಯಾಡ ಬಿಡು."

"ಬ್ಯಾಡ ಅನ್ನಬ್ಯಾಡ್ರಿ. ಕೀ ತರ್ರಿ ಮೊದ್ಲು."

ಅಪ್ಪನ ಕಾಲದ ಟ್ರ್ಯಾಕ್ಟರು ಅದು. ಗುರುಮೂರ್ತಿ ಹೊಲವನ್ನು ಗುತ್ತಿಗೆಗೆ ಕೊಟ್ಟು, ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಕೆಲಸ ಹಿಡಿದು ಕೊಕ್ಕನೂರಿನಿಂದ ದಿನವೂ ಬಸ್ಸಿನಲ್ಲಿ ಓಡಾಡತೊಡಗಿದ ಮೇಲೆ ಅದಕ್ಕೆ ಮಾಡಲು ಏನೂ ಉಳಿದಿರಲಿಲ್ಲ. ಆದರೂ ಭಾನುವಾರ ಬಂತೆಂದರೆ ಅದನ್ನು ಚಾಲೂ ಮಾಡಿ ಸ್ವಲ್ಪ ಹೊತ್ತು ಗುಡುಗಿಸಬೇಕು, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ನೋಡಿ ಹಾಕಬೇಕು, ವೈರು ಕೂರುವ ಜಾಗದಲ್ಲಿ ಹಿಡಿದ ಬಿಳಿ ಪುಡಿಯನ್ನು ಬಿಸಿನೀರಿನಲ್ಲಿ ತೊಳೆದು ವ್ಯಾಸಲೀನ್ ಸವರಬೇಕು. ಎಳೆ ಕೂಸಿಗೆ ಎಣ್ಣೆನೀರು ಹಾಕುವವರಿಗೂ ಅಷ್ಟು ಮುತುವರ್ಜಿ ಇರಲಿಕ್ಕಿಲ್ಲ. ಇಷ್ಟು ಜೋಪಾನ ಮಾಡಿದ್ದನ್ನು ಇನ್ನೊಬ್ಬರ ಕೈಗೆ ಕೊಡಲು ಮಾತ್ರ ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಸುಗ್ಗಿಯ ದಿನಗಳಲ್ಲಿ ಒಂದು ಸಂಜೆ ಮೋಡ ಕವಿದಾಗ ಗಿಡ್ಡಪ್ಪ ಓಡುತ್ತಾ ಬಂದು, ಕಣದಿಂದ ಭತ್ತದ ಚೀಲ ತರಬೇಕು, ಒಂದೇ ಒಂದು ಟ್ರಿಪ್ಪಿಗೆ ಟ್ರ್ಯಾಕ್ಟರ್ ಕೊಡಿ ಎಂದು ಕೇಳಿದ್ದ. ಇವನಿಗೆ ಕೊಟ್ಟರೆ ನಾಳೆ ಕೊಕ್ಕನೂರಿಗೆ ಕೊಕ್ಕನೂರೇ ಬಾಗಿಲಿಗೆ ಬರುತ್ತದೆ ಎಂದುಕೊಂಡ ಗುರುಮೂರ್ತಿ, "ಬ್ಯಾಟರಿ ಡೌನ್ ಆಗೈತಲ್ಲೋ" ಎಂದುಬಿಟ್ಟ. ಬ್ಯಾಟರಿ ಗುಂಡುಕಲ್ಲಿನಂತೆ ಗಟ್ಟಿಯಾಗಿತ್ತು. ಗಿಡ್ಡಪ್ಪ ಮತ್ತು ಅವನ ಮುದಿ ತಾಯಿ ಮರಿಯವ್ವ ಚೀಲಗಳನ್ನು ಹೊತ್ತು ತಂದು ಮುಗಿಸುವಷ್ಟರಲ್ಲಿ ಅರ್ಧ ಭತ್ತ ನೆನೆದುಹೋಯಿತು. ಹೇಳಿದ ಮೇಲೆ ಸುಳ್ಳನ್ನೂ ಸಾಕಬೇಕಲ್ಲ! ಎರಡೂ ಮನೆಗೆ ಒಂದೇ ಗೋಡೆ. ಸದ್ದು ಕೇಳಿದರೆ ಕೆಟ್ಟೆ. ಅಂದಿನಿಂದ ಆರೇಳು ಭಾನುವಾರ ಟ್ರ್ಯಾಕ್ಟರು ತುಟಿಪಿಟಿಕ್ ಎನ್ನಲಿಲ್ಲ. "ಡೌನ್ ಆಗಿರೋದು ಟ್ರ್ಯಾಕ್ಟರ್ ಬ್ಯಾಟರಿ ಅಲ್ಲ ಬಿಡ್ರಿ" ಎಂದು ಹೆಂಡತಿ ಯಶೋದಾ ಒಮ್ಮೆ ಚುಚ್ಚಿದ್ದಳು.

ಈಗ ಗಿಡ್ಡಪ್ಪ, "ಒಂದ್ಸಲ ಹಂಗೇ ತಿರುವಿ ನೋಡ್ರಿ ಗುರಣ್ಣ" ಎಂದ. ಗುರುಮೂರ್ತಿ ಸೀಟಿನ ಮೇಲೆ ಹತ್ತಿ ಕೂತ. ಒಂದೇ ಏಟಿಗೆ ಚಾಲೂ ಆಗಿಬಿಟ್ಟರೆ ಮುಖ ಎಲ್ಲಿಟ್ಟುಕೊಳ್ಳುವುದು? ದೇವರೇ, ಸತ್ತಿರಲಪ್ಪ ಎಂದು ಬೇಡಿಕೊಂಡು ಕೀ ತಿರುಗಿಸಿದ. ಟಿಕ್ ಎಂದಿತು, ಅಷ್ಟೇ. ದೀಪವೂ ಹತ್ತಲಿಲ್ಲ. ಇಷ್ಟು ವಾರ ಚಾಲೂ ಮಾಡದೆ ಬ್ಯಾಟರಿ ನಿಜಕ್ಕೂ ಡೌನ್ ಆಗಿತ್ತು. ಗುರುಮೂರ್ತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಾನೇ ಸಾಕಿದ್ದು ಸತ್ತದ್ದಕ್ಕೆ ಹಿಗ್ಗುತ್ತಿದ್ದೇನಲ್ಲ ಎಂದು ಮರುಗಳಿಗೆಯೇ ನಾಚಿಕೆಯೂ ಆಯಿತು.

ಗಿಡ್ಡಪ್ಪ ಕೆಂಪು ವೈರು, ಕಪ್ಪು ವೈರು ಸಿಕ್ಕಿಸಿ ಕೈಸನ್ನೆ ಮಾಡಿದ. ಟ್ರ್ಯಾಕ್ಟರು ಒಮ್ಮೆ ಕರಿ ಹೊಗೆ ಕಾರಿ, ಗುಡುಗುಡು ಎಂದು ಎದ್ದಿತು. ಗಿಡ್ಡಪ್ಪ ಅದಕ್ಕೆ ಕೈಮುಗಿದ. ಆಮೇಲೆ ಗುರುಮೂರ್ತಿಯ ಹತ್ತಿರ ಬಂದು ಹಿಂಜರಿಯುತ್ತಾ ಹೇಳಿದ.

"ಸಿಟ್ಟಾಗಬ್ಯಾಡ್ರಿ, ಒಂದು ಮಾತು ಹೇಳ್ತೀನಿ. ಎಷ್ಟು ಚೆಂದ ಇಟ್ಕಂಡಾರಲ್ಲ, ನಂಗೂ ಇಂಥದೊಂದು ಇದ್ದಿದ್ರೆ ಅಂತ ಇದನ್ನ ದಿನಾ ನೋಡ್ತಿದ್ದೆ. ನಾನು ಬಂದು ಕೇಳಿದ ದಿನಾನೇ ಬ್ಯಾಟರಿ ಹೋತು. ನನ್ನ ಕಣ್ಣೇ ತಾಕೈತಿ ಗುರಣ್ಣ. ಅವತ್ತಿಂದ ಸರಿಯಾಗಿ ನಿದ್ದೆ ಇಲ್ಲ."

ಬಾಗಿಲಲ್ಲಿ ನಿಂತಿದ್ದ ಯಶೋದಾ ಗಂಡನನ್ನೇ ದಿಟ್ಟಿಸಿದಳು. ಗುರುಮೂರ್ತಿ ಬಾಯಿ ತೆರೆದ. "ಹಂಗೇನಿಲ್ಲ ಬಿಡೋ" ಎಂಬುದಷ್ಟೇ ಹೊರಬಂತು. ಭೂಮಿ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದ.

ಅಷ್ಟರಲ್ಲಿ ಟ್ರ್ಯಾಕ್ಟರಿನ ಸದ್ದು ಕೇಳಿ ಮರಿಯವ್ವ ಬಂದಳು. ಸೆರಗಿನಲ್ಲಿ ಉಪ್ಪು, ಒಣಮೆಣಸಿನಕಾಯಿ.

"ಯಶೋದವ್ವ, ನೀರೊಲೆಯಿಂದ ನಾಕು ಕೆಂಡ ತಗಂಬಾ. ನನ್ನ ಮಗನ ಕಣ್ಣು, ನಾನೇ ತೆಗೀತೀನಿ."

ಟ್ರ್ಯಾಕ್ಟರಿನ ಮೂತಿಗೆ ಮುಷ್ಟಿ ನಿವಾಳಿಸಿದಳು. "ನೀನೂ ಬಂದು ನಿಂತ್ಕಳಪ್ಪ" ಎಂದು ಗುರುಮೂರ್ತಿಗೂ ನಿವಾಳಿಸಿದಳು. ಭತ್ತದ ಚೀಲ ಹೊತ್ತ ಆ ತಲೆ ಅವನ ಎದೆಮಟ್ಟಕ್ಕಿತ್ತು. ಅವನು ತನ್ನ ತಲೆಯನ್ನು ಅದಕ್ಕಿಂತ ಕೆಳಗೆ ತಗ್ಗಿಸಿದ.

"ಕಣ್ಣಾಗಿದ್ರೆ ಮೆಣಸಿನಕಾಯಿ ಎಷ್ಟು ಸುಟ್ರೂ ಘಾಟು ಬರಂಗಿಲ್ಲ, ನೋಡ್ತಿರ್ರಿ" ಎಂದು ಮುಷ್ಟಿಯಲ್ಲಿದ್ದುದನ್ನು ಯಶೋದಾ ತಂದಿಟ್ಟ ಕೆಂಡಕ್ಕೆ ಹಾಕಿದಳು.

ಚಟಪಟ ಎಂದಿತು. ಮರುಕ್ಷಣವೇ ಗಂಟಲು ಹಿಡಿಯುವ ಘಾಟು ಅಂಗಳ ತುಂಬಿತು. ಯಶೋದಾ ಒಳಗೆ ಓಡಿದಳು. ಮರಿಯವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಮಗನ ಬೆನ್ನಿಗೆ ಒಂದು ಗುದ್ದು ಹಾಕಿದಳು.

"ನಿನ್ನ ಕಣ್ಣಲ್ಲ ಕಣೋ! ಸುಮ್ನೆ ಕೊರಗಿದ್ಯಲ್ಲೋ!"

ಗಿಡ್ಡಪ್ಪ ಕೆಮ್ಮುತ್ತಲೇ ನಗತೊಡಗಿದ, ನಗುತ್ತಲೇ ಕಣ್ಣೊರೆಸಿಕೊಂಡ. ಮರಿಯವ್ವ ಈಗ ಗುರುಮೂರ್ತಿಯ ಕಡೆ ತಿರುಗಿದಳು.

"ಹಂಗಾದ್ರೆ ಅವತ್ತು ಬ್ಯಾಟರಿಗೆ ಏನಾಗಿತ್ತಪ್ಪ?"

ಘಾಟು ಇಳಿದು ಎಷ್ಟೋ ಹೊತ್ತಾಗಿತ್ತು. ಗುರುಮೂರ್ತಿ ಇನ್ನೂ ಕೆಮ್ಮುತ್ತಲೇ ಇದ್ದ.