ನಡುವೆ ಸೇರಿಕೊಂಡ ಕೊನೆ

ಹೊಲಿಗೆಯ ದಾರಕ್ಕೆ ಚಾಕು ತಾಗಿಸಿದ್ದ ಬೈಂಡಿಂಗಿನವನ ಕೈಯನ್ನು ನರ್ಸಮ್ಮ ಗಬಕ್ಕನೆ ಹಿಡಿದುಕೊಂಡರು. "ಬಿಚ್ಚಬೇಡಿ. ರಟ್ಟು ಸಡಿಲ ಆಗಿದೆ, ಅದನ್ನಷ್ಟೇ ಅಂಟಿಸಿಕೊಡಿ."

"ಅಲ್ಲಮ್ಮ, ತಪ್ಪು ನಂದೇ. ನೋಡಿ, 'ಮುಗಿಯಿತು' ಅನ್ನೋ ಪುಟ ಪುಸ್ತಕದ ಮಧ್ಯ ಕೂತಿದೆ." ಹೋದ ತಿಂಗಳು ಅವರು ಈ ಹಳೆಯ ಪುಸ್ತಕವನ್ನು ಹೊಲಿಯಲು ಕೊಟ್ಟಾಗಲೇ ಪುಟಸಂಖ್ಯೆಯಿದ್ದ ಅಂಚನ್ನೆಲ್ಲ ಗೆದ್ದಲು ತಿಂದಿತ್ತು. ಓದಿ ಜೋಡಿಸುವ ಅಭ್ಯಾಸ ಅವನಿಗಿರಲಿಲ್ಲ. ಅಂದಾಜಿನ ಮೇಲೆ ಹೊಲಿದು, ಕೊನೆಯ ಪುಟಗಳ ಕಂತೆಯನ್ನು ನಡುವೆ ಸೇರಿಸಿಬಿಟ್ಟಿದ್ದ. "ಹೀಗಿದ್ರೆ ಕಥೆಯ ತಲೆಬುಡ ಗೊತ್ತಾಗಲ್ಲ."

"ಗೊತ್ತಾಯ್ತಲ್ಲ. ಇದರಲ್ಲಿ ತಾಯಿ ಮೊದಲೇ ಮಗಳನ್ನ ಕ್ಷಮಿಸ್ತಾಳೆ. ಮಗಳು ಕ್ಷಮೆ ಕೇಳೋದು ನೂರು ಪುಟ ಆದ್ಮೇಲೆ. ಇದೆಂಥ ಕಥೆ ಅಂತ ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೇ ದಿನ ಹೋಗಿ ನನ್ನ ಮಗಳ ಮನೆ ಬಾಗಿಲು ತಟ್ಟಿದೆ. ಆರು ವರ್ಷದಿಂದ, ಅವಳೇ ಬಂದು ತಪ್ಪಾಯ್ತು ಅನ್ನಲಿ ಅಂತ ಕೂತಿದ್ದೆ."

ಅವರ ಹಿಂದೆ, ಅಂಗಡಿಯ ಮೆಟ್ಟಿಲ ಮೇಲೆ, ಅವರದೇ ಮೂಗಿನ ಹೆಂಗಸೊಬ್ಬಳು ಅಮ್ಮನ ಕೈಚೀಲ ಹಿಡಿದು ನಿಂತಿದ್ದಳು.

ಬೈಂಡಿಂಗಿನವನು ಅವಳತ್ತ ನೋಡಿ, ಮತ್ತೆ ಪುಸ್ತಕದತ್ತ ನೋಡಿದ. ಮೂವತ್ತು ವರ್ಷಗಳಲ್ಲಿ ಸಾವಿರಾರು ಪುಸ್ತಕಗಳು ಅವನ ಕೈಯಲ್ಲಿ ಹಾದುಹೋಗಿದ್ದವು. ದಾರ, ಅಂಟು, ರಟ್ಟು ಬಿಟ್ಟರೆ ಅವುಗಳಲ್ಲಿ ಬೇರೇನೋ ಇದೆಯೆಂದು ಅವನಿಗೆ ಅನ್ನಿಸಿರಲೇ ಇಲ್ಲ. ಚಾಕು ಕೆಳಗಿಟ್ಟು, ಅಂಟು ಮೆತ್ತಿದ ಬೆರಳುಗಳನ್ನು ಅಂಗಿಗೆ ಚೆನ್ನಾಗಿ ಒರೆಸಿಕೊಂಡ.

"ಮುಂದಿನ ವಾರ ಬನ್ನಿ, ಅಮ್ಮ."

"ರಟ್ಟು ಅಂಟಿಸೋಕೆ ಒಂದು ವಾರ ಬೇಕಾ?"

"ರಟ್ಟಿಗೆ ಒಂದು ಗಂಟೆ ಸಾಕು," ಎಂದು ಅವನು ಮೊದಲ ಪುಟ ತೆರೆದ. "ನಾನು ಓದೋದು ನಿಧಾನ."