ಹದಿನೇಳನೆಯ ಯಂತ್ರ

ಅವುವೊರ್ ಎಂಟರ್ ಒತ್ತಿದಳು. ಆಸ್ಪತ್ರೆಗಳಿಗೆ ರಕ್ತ ಹುಡುಕಿಕೊಡುವ ನಲವತ್ತು ಕ್ಲೌಡ್ ಯಂತ್ರಗಳ ಭದ್ರತಾ ಪ್ರಮಾಣಪತ್ರದ ಅವಧಿ ಮುಗಿಯಲು ಇನ್ನು ಹತ್ತೇ ನಿಮಿಷವಿತ್ತು; ಮುಗಿದರೆ ಆಸ್ಪತ್ರೆಗಳಿಗೆ ಅವುಗಳ ಸಂಪರ್ಕವೇ ಕಡಿದುಹೋಗುತ್ತಿತ್ತು. ಅವಳಿಗೆ ಕೆಲಸ ಕಲಿಸಿದ ಒಮೊಲೊ ಪ್ರತಿವರ್ಷ ಮೂರು ದಿನ ಕೂತು ಕೈಯಾರೆ ಹಾಕುತ್ತಿದ್ದ ಹೊಸ ಪ್ರಮಾಣಪತ್ರಗಳನ್ನು ಈಗ ಅವಳು ಬರೆದ ಕೋಡ್ ಸರಸರನೆ ಹಾಕತೊಡಗಿತು. ಪರದೆಯ ಮೇಲೆ ಹಸಿರು ಸಾಲುಗಳು ಓಡಿದವು. ಹದಿನೇಳನೆಯ ಯಂತ್ರದ ಸಾಲು ಕೆಂಪಾಗಿ ಎಲ್ಲವೂ ನಿಂತುಬಿಟ್ಟಿತು.

"ಇದರಲ್ಲಿ ಆಗ್ಲೇ ಹೊಸ ಪತ್ರ ಇದೆ, ಅದಕ್ಕೇ ಕೋಡ್ ನಿಂತಿದೆ! ಯಾರು ಹಾಕಿದ್ದು?"

ಒಮೊಲೊ ಚಹಾದ ಲೋಟದಲ್ಲಿ ಕಣ್ಣು ನೆಟ್ಟರು. "ಬೆಳಿಗ್ಗೆ ನಾನೇ ಹಾಕ್ದೆ ಕಣಮ್ಮ. ನಿನ್ನ ಕೋಡ್ ಕೈಕೊಟ್ರೆ ಹೆರಿಗೆ ಆಸ್ಪತ್ರೆಯ ಈ ಯಂತ್ರವಾದ್ರೂ ಉಳೀಲಿ ಅಂತ."

"ಮ್ವಾಲಿಮು, ನನ್ನ ಗುರುಗಳೇ! ಈಗ ಕೈಕೊಟ್ಟಿದ್ದು ಯಾರು?"

ಕಿಸುಮು ನಗರದ ಆ ಕಚೇರಿ ಗೊಳ್ಳೆಂದು ನಕ್ಕಿತು. ಒಮೊಲೊ ಕುರ್ಚಿ ಎಳೆದುಕೊಂಡು ಬಂದು, ತಾವು ಹಾಕಿದ ಪತ್ರವನ್ನು ತಾವೇ ಅಳಿಸಿದರು.

"ಜರುಗು. ಈ ಸಲ ಎಂಟರ್ ನಾನು ಒತ್ತೀನಿ."

ನಲವತ್ತನೆಯ ಸಾಲು ಹಸಿರಾದಾಗ, ಎಲ್ಲರಿಗಿಂತ ಜೋರಾಗಿ ಕೂಗಿದವರು ಅವರೇ.