ಗರಡಿಯ ಮುಂದೆ ತೊಡೆ ತಟ್ಟಿದವನು

ಚೀನಾದ ಮುದುಕ ಮಸ್ಕಿಯ ಗರಡಿಮನೆಯ ಎದುರಿಗೇ ನಿಂತು ತನ್ನ ಎರಡೂ ತೊಡೆಗಳನ್ನು ಪಟಪಟನೆ ತಟ್ಟಿಕೊಂಡ. ಅಲ್ಲಿಗೆ ಕೆಲಸ ಕೆಟ್ಟಿತು. ಗರಡಿಯ ಮುಂದೆ ತೊಡೆ ತಟ್ಟುವುದೆಂದರೆ, ಗಂಡಸಾದರೆ ಬಂದು ಹಿಡಿ ಎಂದು ಕೂಗಿ ಕರೆದಂತೆ. ನಿಜಾಮನ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿದ್ದ ಈ ಸಂಗತಿ, ಸೈಕಲ್ಲಿನ ಮೇಲೆ ರೇಷ್ಮೆ ಬಟ್ಟೆಯ ಗಂಟು ಹೇರಿಕೊಂಡು ಊರೂರು ತಿರುಗುವ ಆ ಬಡಪಾಯಿಗೆ ಗೊತ್ತಿರಲಿಲ್ಲ.

ಅವನು ಮಾಡುತ್ತಿದ್ದದ್ದು ತನ್ನ ಬೆಳಗಿನ ಸಾಧನೆ. ಧರ್ಮಶಾಲೆಯಲ್ಲಿ ಇಳಿದಾಗಿನಿಂದ ದಿನಾ ಮುಂಜಾನೆ ಗರಡಿಯ ಎದುರಿನ ಬಯಲಿಗೆ ಬಂದು, ಎದೆಮಟ್ಟದ ನೀರಿನಲ್ಲಿ ನಡೆಯುವವನ ಹಾಗೆ ನಿಧಾನಕ್ಕೆ ಕೈ ಎತ್ತಿ, ಕೈ ಇಳಿಸಿ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಮೈಭಾರ ದಾಟಿಸುತ್ತಿದ್ದ. ತಾಯ್ ಚಿ ಅಂತೆ ಅದರ ಹೆಸರು. ಅವರ ಕಡೆಯ ಗುಡ್ಡಗಳಲ್ಲಿ ದಾವ್ ಪಂಥದ ಸಾಧುಗಳು ಹೇಳಿಕೊಟ್ಟ ಕುಸ್ತಿಯಂತೆ. ಆದರೆ ಎದುರಾಳಿಯನ್ನು ಕೆಡವಲಿಕ್ಕಲ್ಲ, ಒಳಗಿನ ಉಸಿರು ನೆಟ್ಟಗಿರಲಿ ಎಂದು ಮಾಡುವುದಂತೆ. ಊರವರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಬೆವರಿಲ್ಲ, ಹೂಂಕಾರವಿಲ್ಲ, ಇದೆಂಥ ಕುಸ್ತಿ. ಆ ದಿನ ಸಾಧನೆ ಮುಗಿದ ಮೇಲೆ ಜೋಮು ಹಿಡಿದ ಕಾಲು ಸಡಿಲಾಗಲೆಂದು ತೊಡೆ ತಟ್ಟಿಕೊಂಡ, ಅಷ್ಟೆ.

ಒಳಗೆ ಬಸ್ಕಿ ಹೊಡೆಯುತ್ತಿದ್ದ ಯಂಕೋಬನ ಎದೆ ಧಸಕ್ಕೆಂದಿತು. ಮಸ್ಕಿ, ಲಿಂಗಸುಗೂರು, ಸಿಂಧನೂರು, ಎಲ್ಲಿಯೂ ಬೆನ್ನಿಗೆ ಮಣ್ಣು ಹತ್ತಿಸಿಕೊಳ್ಳದ ಪೈಲ್ವಾನ ಅವನು. ಒಬ್ಬ ಮುದುಕನಿಗೆ ಹೆದರಿದನೆಂದಲ್ಲ. ಯುಗಾದಿಯಿಂದ ಈಚೆಗೆ ಜೋರಾಗಿ ದಮ್ಮು ಹಿಡಿದರೆ ಎದೆಯೊಳಗೆ ಏನೋ ಹೆಜ್ಜೆ ತಪ್ಪುತ್ತಿತ್ತು, ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು. ಇದನ್ನು ಅವನು ಹೆಂಡತಿ ಆದಮ್ಮನಿಗೂ ಹೇಳಿರಲಿಲ್ಲ. ಪೈಲ್ವಾನನಿಗೆ ಎದೆನೋವು ಎಂದರೆ ಮೊದಲು ನಗುವುದು ಊರು, ಆಮೇಲೆ ಕೂಳು ಕಸಿಯುವುದೂ ಊರೇ.

"ಮುದುಕ ಅದಾನ್ರಿ ವಸ್ತಾದ್ರ. ತಿಳೀದ ತಟ್ಟ್ಯಾನ. ಬಿಟ್ಟು ಬಿಡೂನ್ರಿ," ಎಂದ.

ಅವನಿಗೂ ಅವನಪ್ಪನಿಗೂ ಕುಸ್ತಿ ಕಲಿಸಿದ ಗುರು ವಸ್ತಾದ ನರಸಣ್ಣ ಒಪ್ಪುವ ಆಸಾಮಿಯಲ್ಲ. "ತಿಳದರ ತಟ್ಟಲಿ, ತಿಳೀದ ತಟ್ಟಲಿ, ತಟ್ಟ್ಯಾನೋ ಇಲ್ಲೋ? ನಾಳಿ ಲಿಂಗಸುಗೂರಾಗ ತಹಶೀಲ್ದಾರ ಸಾಹೇಬ್ರ ಮುಂದ ನಿನ್ನ ಕುಸ್ತಿ ಐತಿ. ಇವತ್ತ ಬಟ್ಟಿ ಮಾರಾವಗ ಅಂಜಿದಿ ಅಂದ್ರ, ನಾಳಿ ಯಾವ ಮಾರಿ ಹೊತಗೊಂಡು ಹೋಗ್ತೀಯಲೇ?"

ಜನ ಸೇರುವುದಕ್ಕೆ ಎಷ್ಟು ಹೊತ್ತು. ಮುದುಕನನ್ನು ಕೈ ಹಿಡಿದು ಎಳೆತಂದು ಅಖಾಡದ ಕೆಮ್ಮಣ್ಣಿಗೆ ಇಳಿಸಿದರು. ಅವನು ಎಲ್ಲರಿಗೂ ಕೈ ಮುಗಿದ. ತಿರುಗಾಟದಲ್ಲಿ ಕಲಿತ ಹರಕುಮುರುಕು ಮಾತಿನಲ್ಲಿ, "ನಂದು ಲಡಾಯಿ ನಹೀ. ತಬಿಯತ್ ಸಲುವಾಗಿ ಮಾಡೋದು," ಎಂದು ಬೇಡಿಕೊಂಡ. ಕೇಳುವವರು ಯಾರು.

ಒಂದೇ ಪಟ್ಟಿಗೆ ಮುಗಿಸಿಬಿಡೋಣವೆಂದು ಯಂಕೋಬ ಹೆಗಲು ಕೊಟ್ಟು ನುಗ್ಗಿದ. ಮುದುಕ ಎದುರಿಗೆ ಇರಲಿಲ್ಲ, ಪಕ್ಕದಲ್ಲಿದ್ದ. ಯಂಕೋಬ ತನ್ನ ರಭಸಕ್ಕೆ ತಾನೇ ಮುಗ್ಗರಿಸಿದ. ಜನರ ನಗು ಒಮ್ಮೆಲೇ ನಿಂತಿತು. ಅವಮಾನದಿಂದ ಕೆಂಡವಾಗಿ, ಇದ್ದಬದ್ದ ದಮ್ಮನ್ನೆಲ್ಲ ಕಟ್ಟಿ ಮತ್ತೆ ನುಗ್ಗಿದಾಗ ಮುದುಕನ ಅಂಗೈ ಬಂದು ಅವನ ಎದೆಯ ಮೇಲೆ ಕೂತಿತು. ತಳ್ಳಲಿಲ್ಲ, ಒತ್ತಲಿಲ್ಲ. ಅಷ್ಟರಲ್ಲಿ ಯಂಕೋಬನ ಕಣ್ಣಿಗೆ ಕತ್ತಲೆ ಬಂತು, ಮೈ ವಾಲಿತು. ಇನ್ನೊಂದು ಬೆರಳು ಸೋಕಿದ್ದರೂ ಅವನ ಹೆಸರು ಮಣ್ಣುಪಾಲಾಗುತ್ತಿತ್ತು. ಆದರೆ ಮುಖ ಬಿಳಿಚಿಕೊಂಡದ್ದು ಮುದುಕನದು. ಅವನು ಯಂಕೋಬನ ತೋಳು ಹಿಡಿದು ಮೇಲಕ್ಕೆಳೆದುಕೊಂಡು, ತಾನೇ ಹಿಂದಕ್ಕೆ ಅಂಗಾತ ಬಿದ್ದ.

ಜನ ಹೋ ಎಂದು ಸೀಟಿ ಹೊಡೆದರು. ಆ ಗದ್ದಲದೊಳಗೆ, ಕೆಳಗೆ ಬಿದ್ದವನು ಮೇಲಿದ್ದವನ ಕಿವಿಯಲ್ಲಿ ಹೇಳಿದ: "ಪೈಲ್ವಾನ್, ನಿಂದು ದಿಲ್ ಖರಾಬ್ ಐತಿ. ಇನ್ನು ಕುಸ್ತಿ ನಹೀ. ಮಾಡಿದ್ರೆ ಸಾಯೋದು."

ಯಂಕೋಬನಿಗೆ ಸಿಡಿಲು ಬಡಿದಂತಾಯಿತು. ಯಾರೋ ಅವನನ್ನು ಹೆಗಲ ಮೇಲೆ ಹೊತ್ತರು, ಯಾರೋ ಮೈಮೇಲೆ ಭಂಡಾರ ತೂರಿದರು. ಅವನಿಗೆ ಒಂದೂ ತಿಳಿಯಲಿಲ್ಲ. ಮುದುಕ ಬೆನ್ನ ಮೇಲಿನ ಮಣ್ಣನ್ನೂ ಕೊಡವಿಕೊಳ್ಳದೆ ಸೈಕಲ್ಲು ತಳ್ಳಿಕೊಂಡು ಹೋಗುವುದನ್ನು ಮಾತ್ರ ಕಂಡ. ಗದ್ದಲ ಅಡಗಿ, ಗರಡಿಯೊಳಗೆ ನರಸಣ್ಣನೊಬ್ಬನೇ ಉಳಿದು ಯಂಕೋಬನ ತಲೆಗೆ ಗೆದ್ದವನ ರುಮಾಲು ಸುತ್ತತೊಡಗಿದಾಗ ಅವನಿಗೆ ಬಾಯಿ ಬಂತು.

"ನಾ ಗೆದ್ದಿಲ್ರಿ ವಸ್ತಾದ್ರ. ಅವನಾ ಬಿದ್ದಾನ. ನನ್ನ ಎದಿ... ಬರೋಬ್ಬರಿ ಬಡಿಯಾಕತ್ತಿಲ್ರಿ. ನಾಳಿ ಲಿಂಗಸುಗೂರು ಬ್ಯಾಡ್ರಿ."

ನರಸಣ್ಣನ ಕೈ ಒಂದು ಗಳಿಗೆಯೂ ನಿಲ್ಲಲಿಲ್ಲ. "ಗೊತ್ತೈತಲೇ. ದಿನಾ ನಿನ್ನ ಮೈಗೆ ಎಣ್ಣಿ ತಿಕ್ಕೂ ಕೈಗೆ ಗೊತ್ತಾಗಂಗಿಲ್ಲೇನು?"

ಯಂಕೋಬ ತಲೆ ಎತ್ತಿ ನೋಡಿದ. "ಗೊತ್ತಿದ್ದೂ ನನ್ನ ಇಳಿಸಿದ್ರೇನ್ರಿ?"

ವಸ್ತಾದ ರುಮಾಲಿನ ಚುಂಗು ಸಿಗಿಸಿ, ಹಡೆದ ತಂದೆಯ ಅಕ್ಕರೆಯಲ್ಲಿ ಅವನ ಕೆನ್ನೆ ಸವರಿದ.

"ನಿಮ್ಮಪ್ಪನ ಎದೀನೂ ಹಿಂಗಾ ಬಡೀತಿತ್ತು. ನಾ ಅವಗೂ ಹೇಳಿರಲಿಲ್ಲ. ಅಖಾಡದಾಗ ಸತ್ತ, ಖರೇ. ಆದ್ರ ಬೋರಲ ಬಿದ್ದ ನೋಡು, ಬೆನ್ನಿಗೆ ಮಣ್ಣು ಹತ್ತಲಿಲ್ಲ."